ಎಸ್‌ಎಸ್‌ಎಲ್ ಪ್ರಮಾಣಪತ್ರ: ನಾವು ಹಣ ತೆರಬೇಕಾದುದು ಯಾವುದಕ್ಕೆ?

ಗಾಂಧಿಬಜಾರಿನ ಜವಳಿ ಅಂಗಡಿಯಾಗಲಿ, ಚಾಮರಾಜಪೇಟೆಯ ಸಣ್ಣ ತಯಾರಿಕಾ ಘಟಕವಾಗಲಿ, ಇಂದು ಸ್ವಂತ ಅಂತರ್ಜಾಲ ತಾಣವನ್ನು ಹೊಂದಿರುವುದು ಸಾಮಾನ್ಯ ಸಂಗತಿ. ಇಂತಹ ಅನೇಕ ತಾಣಗಳನ್ನು ನಿರ್ವಹಿಸುವವರು, ದೊಡ್ಡ ಸಂಸ್ಥೆಗಳಿಂದ ಸರ್ವರ್ ಜಾಗವನ್ನು ಸಗಟಾಗಿ ಕೊಂಡು ಚಿಲ್ಲರೆಯಾಗಿ ಹಂಚುವ ಹೋಸ್ಟಿಂಗ್ ರೀಸೆಲ್ಲರುಗಳು. ಇವರ ಹಾಗೂ ಇವರ ಗ್ರಾಹಕರ ಲೆಕ್ಕಪುಸ್ತಕಗಳನ್ನು ಪರಿಶೀಲಿಸುವಾಗ ‘ಎಸ್‌ಎಸ್‌ಎಲ್ ಶುಲ್ಕ’ ಎಂಬ ಬಾಬ್ತು ಗಮನ ಸೆಳೆಯುತ್ತದೆ. ಒಂದೇ ಬಗೆಯ ಪ್ರಮಾಣಪತ್ರಕ್ಕೆ ಒಬ್ಬರು ಏನನ್ನೂ ತೆತ್ತಿರುವುದಿಲ್ಲ; ಮತ್ತೊಬ್ಬರು ಸಾವಿರಾರು ರೂಪಾಯಿ ತೆತ್ತಿರುತ್ತಾರೆ. ಈ ವ್ಯತ್ಯಾಸದ ಕಾರಣವನ್ನು ವ್ಯಾಪಾರಿ ಬಾಂಧವರು ಅರಿಯುವುದು ಅಗತ್ಯ.

ಗ್ರಾಹಕನಿಗೂ ತಾಣಕ್ಕೂ ನಡುವೆ ಸಾಗುವ ಮಾಹಿತಿಯನ್ನು ಅನ್ಯರು ಓದದಂತೆ ಕಾಪಾಡುವ ಎಸ್‌ಎಸ್‌ಎಲ್ ವ್ಯವಸ್ಥೆಯನ್ನು ನೆಟ್‌ಸ್ಕೇಪ್ ಸಂಸ್ಥೆಯು 1995ರಲ್ಲಿ ಬಳಕೆಗೆ ತಂದಿತು. ಅದರ ಸ್ಥಾನಕ್ಕೆ ಟಿಎಲ್‌ಎಸ್ ಬಂದು ಬಹುಕಾಲವಾದರೂ ಪೇಟೆಯಲ್ಲಿ ಹಳೆಯ ಹೆಸರೇ ಉಳಿದಿದೆ. ತಕ್ಕಡಿಯ ಮೇಲಿನ ಸರ್ಕಾರಿ ಮುದ್ರೆ ತೂಕಕ್ಕೆ ಸಾಕ್ಷಿಯೇ ಹೊರತು ಸರಕಿನ ಗುಣಕ್ಕಲ್ಲ. ಅಂತೆಯೇ ಸಾಧಾರಣ ಪ್ರಮಾಣಪತ್ರವು, ಡೊಮೈನ್ ಹೆಸರು ಅರ್ಜಿದಾರರ ಹತೋಟಿಯಲ್ಲಿದೆ ಎಂದಷ್ಟೇ ದೃಢೀಕರಿಸುತ್ತದೆ. 2018ರ ಜುಲೈ ತಿಂಗಳಿನಿಂದ ಕ್ರೋಮ್ ಬ್ರೌಸರ್ ಈ ರಕ್ಷಣೆಯಿಲ್ಲದ ತಾಣಗಳನ್ನೆಲ್ಲ ‘ಸುರಕ್ಷಿತವಲ್ಲ’ ಎಂದು ತೋರಿಸತೊಡಗಿದ ಮೇಲೆ ಇದು ಸಣ್ಣ ಅಂಗಡಿಗೂ ಅನಿವಾರ್ಯವಾಯಿತು.

ಇನ್ನು ಬೆಲೆಯ ವಿಚಾರ. ಮೊಜಿಲ್ಲಾ, ಸಿಸ್ಕೊ, ಆಕಮೈ ಮೊದಲಾದ ಸಂಸ್ಥೆಗಳ ಬೆಂಬಲದಿಂದ ಲಾಭೋದ್ದೇಶವಿಲ್ಲದ ‘ಲೆಟ್ಸ್ ಎನ್‌ಕ್ರಿಪ್ಟ್’ 2015ರ ಡಿಸೆಂಬರಿನಿಂದ ಸಾರ್ವಜನಿಕರಿಗೆ ಉಚಿತವಾಗಿ ಪ್ರಮಾಣಪತ್ರ ನೀಡುತ್ತಿದೆ. ರೀಸೆಲ್ಲರುಗಳು ಬಳಸುವ ಸಿಪ್ಯಾನೆಲ್ ತಂತ್ರಾಂಶದಲ್ಲಿ ತಾನಾಗಿಯೇ ಪ್ರಮಾಣಪತ್ರ ಅಳವಡಿಸುವ ‘ಆಟೊಎಸ್‌ಎಸ್‌ಎಲ್’ ಸೌಲಭ್ಯವು 2016ರಲ್ಲೇ ಬಂದಿದೆ. ಗೂಢಲಿಪಿಯ ಬಲದಲ್ಲಿ ಉಚಿತ ಪತ್ರಕ್ಕೂ ದುಬಾರಿ ಪತ್ರಕ್ಕೂ ಭೇದವಿಲ್ಲ. ಕಂಪನಿಯ ಹೆಸರನ್ನು ವಿಳಾಸಪಟ್ಟಿಯಲ್ಲೇ ತೋರಿಸುತ್ತಿದ್ದ ‘ಇವಿ’ ಪ್ರಮಾಣಪತ್ರದ ಆ ವಿಶೇಷ ಸ್ಥಾನವನ್ನು ಕ್ರೋಮ್ ಮತ್ತು ಫೈರ್‌ಫಾಕ್ಸ್ 2019ರಲ್ಲೇ ತೆಗೆದುಹಾಕಿದವು. ದೊಡ್ಡ ಹೆಸರೂ ಶಾಶ್ವತ ಭರವಸೆಯಲ್ಲ: ಸಿಮ್ಯಾಂಟೆಕ್ ಸಂಸ್ಥೆಯ ಹಳೆಯ ವ್ಯವಸ್ಥೆಯಲ್ಲಿ ನೀಡಿದ್ದ ಪ್ರಮಾಣಪತ್ರಗಳನ್ನು ಕ್ರೋಮ್ 2018ರಲ್ಲಿ ನಂಬಲು ನಿರಾಕರಿಸಿತು.

ಹಾಗಾದರೆ ಶುಲ್ಕ ಕೇಳುವ ರೀಸೆಲ್ಲರುಗಳೆಲ್ಲ ವಂಚಕರೇ? ಖಂಡಿತ ಅಲ್ಲ. ಪತ್ರ ಉಚಿತವಾದರೂ ಅದರ ಪಾಲನೆ ಉಚಿತವಲ್ಲ. ಅವಧಿ ಮೀರಿದ ಕ್ಷಣದಿಂದ ತಾಣದ ಬಾಗಿಲಲ್ಲೇ ಎಚ್ಚರಿಕೆಯ ಫಲಕ ಕಾಣಿಸುತ್ತದೆ. ಅದನ್ನು ಕಂಡ ಗ್ರಾಹಕ ಹಿಂದಿರುಗುತ್ತಾನೆ. 2020ರ ಸೆಪ್ಟೆಂಬರಿನಲ್ಲಿ ಪ್ರಮಾಣಪತ್ರದ ಗರಿಷ್ಠ ಅವಧಿ 398 ದಿನಗಳಿಗೆ ಇಳಿಯಿತು. ಪ್ರಮಾಣಪತ್ರ ನೀಡುವವರ ಮತ್ತು ಬ್ರೌಸರ್ ತಯಾರಕರ ಒಕ್ಕೂಟವು 2025ರ ಏಪ್ರಿಲ್‌ನಲ್ಲಿ ಕೈಗೊಂಡ ತೀರ್ಮಾನದಂತೆ ಈ ಮಿತಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಕೇವಲ 47 ದಿನ. ನೂರು ಗ್ರಾಹಕರಿರುವ ರೀಸೆಲ್ಲರ್ ಆಗ ವರ್ಷಕ್ಕೆ ಸುಮಾರು ಎಂಟುನೂರು ನವೀಕರಣಗಳನ್ನು ಕೈಯಾರೆ ಮಾಡಲಾರ. ಪತ್ರ ಎಷ್ಟೇ ಅಗ್ಗವಾಗಿರಲಿ, ನವೀಕರಣ ತಾನಾಗಿ ನಡೆಯದಿದ್ದರೆ ಅದು ದುಬಾರಿಯೇ ಸರಿ.

ಆದುದರಿಂದ ರೀಸೆಲ್ಲರ್ ಮಿತ್ರರಿಗೆ ನನ್ನ ಸಲಹೆ ಇಷ್ಟೆ: ಉಚಿತ ಪತ್ರಕ್ಕೆ ಬೆಲೆ ಕಟ್ಟುವುದನ್ನು ಬಿಟ್ಟು, ‘ನವೀಕರಣ ಮತ್ತು ನಿಗಾ ಸೇವೆ’ ಎಂದು ಬಿಲ್ಲಿನಲ್ಲಿ ಸ್ಪಷ್ಟವಾಗಿ ನಮೂದಿಸಿ ನ್ಯಾಯವಾದ ಶುಲ್ಕ ಪಡೆಯಿರಿ. ಸಂಸ್ಥೆಯ ಹೆಸರನ್ನೂ ಪರಿಶೀಲಿಸಿದ ಪತ್ರ ಬೇಕೆಂದು ಗ್ರಾಹಕರು ಅಪೇಕ್ಷಿಸಿದಲ್ಲಿ ಮಾತ್ರ ಬೆಲೆಯ ಪತ್ರ ಕೊಳ್ಳಿರಿ. ಅದನ್ನು ವಿದೇಶಿ ಮಾರಾಟಗಾರರಿಂದ ಡಾಲರಿನಲ್ಲಿ ಕೊಳ್ಳುವಾಗ ಇನ್ನೊಂದು ಲೆಕ್ಕವಿದೆ. ಜಿಎಸ್‌ಟಿ ನೋಂದಣಿ ಹೊಂದಿದವರಿಗೆ ಇದು ಸೇವೆಯ ಆಮದು; ರಿವರ್ಸ್ ಚಾರ್ಜ್ ಅನ್ವಯ ಶೇ. 18ರ ಐಜಿಎಸ್‌ಟಿಯನ್ನು ತಾವೇ ನಗದಾಗಿ ಕಟ್ಟಬೇಕು. ಸಾಮಾನ್ಯ ನೋಂದಣಿಯವರಿಗೆ ಅದು ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ಕಾಂಪೊಸಿಷನ್ ಯೋಜನೆಯವರಿಗೆ ಮರಳುವುದಿಲ್ಲ. ಇದನ್ನು ಸೇರಿಸದೆ ‘ಅಗ್ಗ’ ಎನ್ನುವುದು ಅವಸರದ ಮಾತು.

ತಾಣದ ಒಡೆಯರಾದ ವರ್ತಕರು ಮುಂದಿನ ಬಿಲ್ಲು ಪಾವತಿಸುವ ಮುನ್ನ ಮೂರು ಪ್ರಶ್ನೆ ಕೇಳಲಿ. ನಮ್ಮ ಪ್ರಮಾಣಪತ್ರವನ್ನು ನೀಡಿದವರು ಯಾರು? ಅದು ತಾನಾಗಿ ನವೀಕರಣವಾಗುವುದೇ? ಆಗದಿದ್ದಲ್ಲಿ ಎಚ್ಚರಿಸುವ ಹೊಣೆ ಯಾರದು? ಈ ಮೂರಕ್ಕೂ ಲಿಖಿತ ಉತ್ತರ ನೀಡುವ ರೀಸೆಲ್ಲರಿಗೆ ತುಸು ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ.