ಕ್ಲಸ್ಟರಿನಲ್ಲೂ ಕರ್ಚೀಫ್ ಹಾಕುವವರು

ಬಸ್ಸಿನ ಕಿಟಕಿಯಿಂದ ಕರ್ಚೀಫ್ ತೂರಿಸಿ ಸೀಟು ಹಿಡಿಯೋದು ನಮಗೆಲ್ಲ ಗೊತ್ತಿರೋ ವಿದ್ಯೆ. ಸೂಪರ್ ಕಂಪ್ಯೂಟರಿನಲ್ಲೂ ಇದೇ ನಡೆಯುತ್ತೆ ಅಂದ್ರೆ ನಂಬ್ತೀರಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗದ ತಾಕತ್ತು 3.3 ಪೆಟಾಫ್ಲಾಪ್. ಇಂಥದ್ದು ಒಂದೇ ದೊಡ್ಡ ಕಂಪ್ಯೂಟರ್ ಅಲ್ಲ, ನೂರಾರು ನೋಡ್‌ಗಳ ಗುಂಪು. ಯಾರ ಜಾಬ್ ಯಾವಾಗ, ಎಲ್ಲಿ ಓಡಬೇಕು ಅಂತ ತೀರ್ಮಾನಿಸೋದು ಸ್ಲರ್ಮ್‌ನಂಥ ಷೆಡ್ಯೂಲರ್. ಇಷ್ಟು ಕೋರ್, ಇಷ್ಟು ಮೆಮೊರಿ, ಇಷ್ಟು ಗಂಟೆ ಬೇಕು ಅಂತ ನಾವು ಮೊದಲೇ ಹೇಳಬೇಕು.

ಎಡವಟ್ಟು ಇರೋದು ಇಲ್ಲೇ. ಆರು ಗಂಟೆಯಲ್ಲಿ ಮುಗಿಯೋ ಜಾಬಿಗೆ "ಇರ್ಲಿ ಬಿಡು" ಅಂತ ಮೂರು ದಿನ ಬರೀತಾರೆ. ಯಾಕಂದ್ರೆ ಕೇಳಿದ ಸಮಯ ಮೀರಿದರೆ ಷೆಡ್ಯೂಲರ್ ಜಾಬನ್ನು ಮುಲಾಜಿಲ್ಲದೆ ಕೊಲ್ಲುತ್ತೆ. ಹೆಚ್ಚು ಕೇಳಿದರೆ ಯಾರೂ ಬೈಯಲ್ಲ!

ಆದರೆ ನಷ್ಟ ಇದೆ ಸ್ವಾಮಿ. 40 ನೋಡ್ ಬೇಕಾದ ದೊಡ್ಡ ಜಾಬೊಂದು ಕಾಯುತ್ತಿದೆ ಅನ್ನಿ. 30 ಖಾಲಿ ಇವೆ, ಉಳಿದ ಹತ್ತು ಬಿಡುವಾಗೋದು ಎಂಟು ಗಂಟೆ ಆದಮೇಲೆ. ಈ ಸಂದಿಯಲ್ಲಿ ನಿಮ್ಮ ಆರು ಗಂಟೆಯ ಜಾಬ್ ನುಸುಳಿ, ಓಡಿ, ಮುಗಿದೂ ಹೋಗಬಹುದು. ಇದಕ್ಕೆ ಬ್ಯಾಕ್‌ಫಿಲ್ ಅಂತಾರೆ. ಮೂರು ದಿನ ಅಂತ ಬರೆದಿದ್ದರೆ? ಆ 30 ನೋಡ್ ಸುಮ್ಮನೆ ಕರೆಂಟು ತಿನ್ನುತ್ತಾ ಕೂತಿರುತ್ತವೆ, ನೀವು ಕ್ಯೂನಲ್ಲಿ.

ಮೆಮೊರಿಯದ್ದು ಇನ್ನೂ ಅನ್ಯಾಯ. 48 ಕೋರ್, 192 ಜಿಬಿಯ ನೋಡಿನಲ್ಲಿ ಒಂದೇ ಕೋರ್ ಹಿಡಿದು 180 ಜಿಬಿ ಕೇಳಿದರೆ, ಮಿಕ್ಕ 47 ಕೋರ್ ಹೆಚ್ಚುಕಮ್ಮಿ ಯಾರಿಗೂ ಇಲ್ಲ. ಅಷ್ಟಾದ ಮೇಲೆ ಎಲ್ಲರೂ ಸೇರಿ "ಕ್ಯೂ ಉದ್ದ, ಹೊಸ ಯಂತ್ರ ತನ್ನಿ" ಅನ್ನೋದು!

ಹಾಗಂತ ದಂಡ ಹಾಕಿ ಅನ್ನೋರ ಮಾತು ನನಗೆ ಒಪ್ಪಿಗೆಯಿಲ್ಲ. ಹೊಸ ಲೆಕ್ಕ ಎಷ್ಟು ಹೊತ್ತು ಓಡುತ್ತೆ ಅಂತ ಪಾಪ ವಿದ್ಯಾರ್ಥಿಗೆ ಹೇಗೆ ಗೊತ್ತಾಗಬೇಕು? ಥೀಸಿಸ್ ಕೊಡೋ ದಿನ ತಲೆಮೇಲಿರುವಾಗ ಯಾರಾದರೂ ಕೈಕಾವಲಿಗೆ ಹೆಚ್ಚೇ ಕೇಳ್ತಾರೆ. ಮೊದಲು ಆ ಹೆದರಿಕೆ ಹೋಗಬೇಕು. ಗ್ರೋಮ್ಯಾಕ್ಸ್ ನಾವು ಹೇಳದಿದ್ದರೂ 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಉಳಿಸುತ್ತೆ, ಜಾಬ್ ಸತ್ತರೂ ಅಲ್ಲಿಂದಲೇ ಮುಂದುವರಿಸಬಹುದು. ನಾವೇ ಬರೆಯೋ ಪ್ರೋಗ್ರಾಮುಗಳಿಗೂ ಇದನ್ನು ಮೊದಲ ವಾರವೇ ಕಲಿಸಲಿ. ಕ್ಲಸ್ಟರ್ ನೋಡಿಕೊಳ್ಳೋರು ಪ್ರತಿ ಜಾಬ್ ಮುಗಿದ ಮೇಲೆ ಕೇಳಿದ್ದೆಷ್ಟು, ಬಳಸಿದ್ದೆಷ್ಟು ಅಂತ ಒಂದು ಮೇಲ್ ಕಳಿಸಲಿ. ಸ್ಲರ್ಮ್ ಜೊತೆ ಬರೋ ಸೆಫ್ ಅನ್ನೋ ಪುಟ್ಟ ಸಾಧನ ಆ ಲೆಕ್ಕ ಕೊಡುತ್ತೆ, ಕಾಸು ಖರ್ಚಿಲ್ಲ.

ಅಂದಹಾಗೆ, ಆ ಮೂರು ದಿನ ಎಲ್ಲಿಂದ ಬಂತು ಗೊತ್ತಾ? ಸೀನಿಯರ್ ಕೊಟ್ಟ ಸ್ಕ್ರಿಪ್ಟಿನಿಂದ. ಅವರಿಗೆ ಅವರ ಸೀನಿಯರ್ ಕೊಟ್ಟಿದ್ದರು. ನಿಮ್ಮ ಲ್ಯಾಬಿನ ಸ್ಕ್ರಿಪ್ಟಿನಲ್ಲಿ ಎಷ್ಟು ಗಂಟೆ ಅಂತ ಬರೆದಿದೆ, ಒಮ್ಮೆ ತೆಗೆದು ನೋಡ್ತೀರಾ?