ಉಪ್ಪುನೀರಿನ ತೊಟ್ಟಿ ಷೋಕೇಸ್ ಅಲ್ರಿ, ಕಲ್ಲಿನ ಉಸಾಬರಿ ಬಿಡ್ರಿ

ದೀಪಾವಳಿ ಹತ್ರ ಬಂತಂದ್ರ ನಮ್ಮ ಮಂದೀಗೆ ಕೈ ಸುಮ್ನ ಇರಂಗಿಲ್ಲ. ಕಪಾಟು ಆತು, ಪಡದೆ ಆತು, ಸೋಫಾ ಸರಿಸಿದ್ದಾತು, ಆಮ್ಯಾಲೆ ಕಣ್ಣು ಬೀಳೋದು ಮೀನಿನ ತೊಟ್ಟಿ ಮ್ಯಾಲೆ. ಬೆಂಗಳೂರು, ದುಬೈ, ಅಮೆರಿಕಾ ಅಂತ ಹೋದ ನಮ್ಮ ಮಕ್ಕಳ ಮನ್ಯಾಗ ಈಗ ಉಪ್ಪುನೀರಿನ ತೊಟ್ಟಿ ಬಂದಾವ. ಅದರೊಳಗಿನ ಕಲ್ಲಿನ ಗುಡ್ಡ ನೋಡಿ, "ಎರಡು ವರ್ಷದಿಂದ ಇದ್ದಲ್ಲೇ ಅದ, ಒಂದೀಟು ಬದಲಿ ಮಾಡಿ ಇಡವಾ, ಬಂದವರಿಗೆ ಚಂದ ಕಾಣ್ಲಿ" ಅಂತ ಅತ್ತಿ, ಮೌಶಿ, ಬಾಜೂಮನಿ ಮಾಮಿ ಎಲ್ಲಾರೂ ಹೇಳೋರ. ಚಂದ ಕಾಣ್ಲಿ ಅಂತ ಈ ಕಲ್ಲು ಸರಸಬಾರದು. ಯಾಕ ಅನ್ನೋದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.

ಆ ಕಲ್ಲಿಗೆ ಲೈವ್ ರಾಕ್ ಅಂತಾರ. ಕಲ್ಲಿಗೇನು ಜೀವ ಇಲ್ಲ. ಭಾಳಷ್ಟು ಸಲ ಅದು ಹಳೇ ಹವಳದ ಎಲುಬು, ಮೈತುಂಬ ಸಣ್ಣ ಸಣ್ಣ ತೂತು. ಜೀವ ಇರೋದು ಆ ತೂತಿನೊಳಗ. ಮೀನಿನ ಹೊಲಸು, ಉಳದ ಕೂಳು ಕೊಳೆತು ನೀರಾಗ ಅಮೋನಿಯಾ ಆಗ್ತದ. ಅದು ಮೀನಿಗೆ ವಿಷ. ಕಲ್ಲಿನ ಮ್ಯಾಲಿನ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತಾವ, ಆಮ್ಯಾಲೆ ನೈಟ್ರೇಟ್ ಮಾಡ್ತಾವ. ಗಾಳಿ ಸರಿಯಾಗಿ ಮುಟ್ಟದ ಒಳತೂತಿನ್ಯಾಗ ಇರೋ ಬ್ಯಾರೆ ಬ್ಯಾಕ್ಟೀರಿಯಾ ಆ ನೈಟ್ರೇಟನ್ನೂ ಒಂದಿಷ್ಟು ಕರಗಸ್ತಾವ. ನಮ್ಮ ಮನ್ಯಾಗ ಹೆಪ್ಪು ಇದ್ದಂಗ ತಿಳೀರಿ. ಗಡಿಗಿ ಎಷ್ಟ ಚಂದ ಇದ್ರೂ ಹೆಪ್ಪು ಕೆಟ್ಟರ ಮೊಸರಾಗೂದಿಲ್ಲ.

"ಕಲ್ಲು ಅಲ್ಲೇ ನೀರಾಗ ಇರ್ತದಲ್ಲ, ಆ ಕಡೆದ್ದು ಈ ಕಡೆ ಇಟ್ಟರ ಏನಾಗ್ತದ?" ಅಂತ ಕೇಳ್ತೀರಿ. ಸರಸಿದ ಮಾತ್ರಕ್ಕ ಬ್ಯಾಕ್ಟೀರಿಯಾ ಸಾಯಂಗಿಲ್ಲ, ಖರೇ ಅದ. ಆದ್ರ ಹಳೇ ತೊಟ್ಯಾಗ ಕಲ್ಲಿನ ಬುಡಕ್ಕ, ಉಸುಕಿನೊಳಗ ತಿಂಗಳಗಟ್ಟಲೆ ಹೊಲಸು ಕೂತಿರ್ತದ. ಎಲ್ಲಾ ಕಲ್ಲು ಒಮ್ಮೆಗೇ ಎತ್ತಿದ್ರ ಅದೆಲ್ಲಾ ನೀರಿಗೆ ಏಳ್ತದ. ದಪ್ಪ ಉಸುಕಿನ ತಳದಾಗ ಕೊಳೆತ ತತ್ತಿ ವಾಸನಿ ಬರೋ ವಿಷದ ಗಾಳಿನೂ ಇರಬಹುದು. ಕಲ್ಲನ್ನ ನೀರಿನಿಂದ ಹೊರಗ ಇಟ್ಟು ಚಾ ಕುಡದು ಬರೋದ್ರಾಗ ಅದಕ್ಕ ಅಂಟಿದ ಸ್ಪಾಂಜು, ಹುಳ ಸತ್ತು, ತಿರುಗಿ ಇಟ್ಟಮ್ಯಾಲೆ ತೊಟ್ಯಾಗೇ ಕೊಳೀತಾವ. ಮ್ಯಾಲೆ ಬೆಳಕಿಗಿದ್ದ ಹವಳ ನೆರಳಿಗೆ ಬೀಳ್ತದ, ನೆರಳಿನ್ಯಾಗಿದ್ದದ್ದು ಬೆಳಕಿಗೆ ಬಂದು ಬೆಳ್ಳಗ ಆಗ್ತದ. ಮೀನು ತಮ್ಮ ತಮ್ಮ ಗವಿ ಕಳಕೊಂಡು ಜಗಳಾ ತಗೀತಾವ. ನಮ್ಮ ಅಡಗಿಮನಿ ಡಬ್ಬಿ ಯಾರರೆ ಬದಲಿ ಮಾಡಿಟ್ಟರ ನಾವ ಎಷ್ಟು ಒದರಾಡ್ತೀವಿ, ಅವು ಪಾಪ ಬಾಯಿಲ್ಲದವು.

ಇನ್ನೊಂದು ಮಾತು ಕೇಳೀನಿ: "ಹೊರಗ ತೆಗೀರಿ, ಕುದಿಯೋ ನೀರಾಗ ಹಾಕಿ ತಿಕ್ಕ್ರಿ, ಸ್ವಚ್ಛ ಆಗ್ತದ." ಅವ್ವಾ, ಇದನ್ನ ಮಾತ್ರ ಯಾವತ್ತೂ ಮಾಡಬ್ಯಾಡ್ರಿ! ಸಣ್ಣ ಗುಂಡಿ ಹೊಲದಂಗ ಕಾಣೋ ಝೋವಾಂಥಿಡ್ ಅನ್ನೋ ಜೀವಿ ಕಲ್ಲಿಗೆ ಅಂಟಿರ್ತಾವ. ಅವುಗಳೊಳಗ ಕೆಲವಕ್ಕ ಪಾಲಿಟಾಕ್ಸಿನ್ ಅನ್ನೋ ಕೆಟ್ಟ ವಿಷ ಇರ್ತದ. ಕುದಿಸಿದ್ರ, ಉಗಿ ಹಿಡದ್ರ, ಬಿಸಿನೀರಾಗ ತಿಕ್ಕಿದ್ರ ಅದು ಗಾಳಿಗೆ ಏಳ್ತದ. ಅಲಾಸ್ಕಾದಾಗ 2012ರಿಂದ 2014ರ ನಡುವ ಅಂಗಡಿ ಮಂದಿ, ಮನಿಮಂದಿ ಜಡ್ಡು ಬಿದ್ದದ್ದು ಈ ವಿಷದಿಂದನ ಇರಬೇಕು ಅಂತ ಅಲ್ಲಿಯ ಸರಕಾರಿ ಆರೋಗ್ಯ ವರದಿ ಅದ. ಮನಿ ಸ್ವಚ್ಛ ಮಾಡಾಕ ಹೋಗಿ ಕೂಸುಗಳ ಸಮೇತ ದವಾಖಾನಿ ಸೇರೋದು ಯಾವ ಹಬ್ಬ?

"ಸತ್ತರ ಸಾಯ್ಲಿ, ಹೊಸಾ ಕಲ್ಲು ತರೂಣು" ಅನ್ನೋರಿಗೂ ಒಂದು ಮಾತು. ಅದು ಗುಡ್ಡದ ಫರಸಿ ಅಲ್ಲ. ಹವಳ ನಮ್ಮ ದೇಶದಾಗ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಾಗ ಅದ, ಅಂದ್ರ ಹುಲಿಗೆ ಇದ್ದಂಥ ರಕ್ಷಣೆ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತನೂ ಹವಳ ಅದ. ಅದನ್ನ ಒಡದು ನಮ್ಮ ಹಾಲ್‌ಗೆ ಶೃಂಗಾರ ಮಾಡೋದು ಬ್ಯಾಡ. ಮನಷ್ಯಾರು ಮಾಡಿದ ಒಣ ಕಲ್ಲು ಸಿಗ್ತಾವ, ಆದ್ರ ಅವುಕ್ಕ ಹೆಪ್ಪು ಹತ್ತಾಕ ವಾರಗಟ್ಟಲೆ, ತಿಂಗಳಗಟ್ಟಲೆ ಬೇಕು.

ಹಂಗಂದ್ರ ಎಂದೂ ಮುಟ್ಟಬಾರದೇನು? ಕಾರಣ ಇದ್ರ ಮುಟ್ಟ್ರಿ. ಗುಡ್ಡ ಅಳ್ಳಾಡ್ಲಿಕತ್ತಿತ್ತು, ಉಸುಕು ತೋಡೋ ಮೀನು ಬುಡ ಸಡ್ಲ ಮಾಡೇದ, ಒಂದು ಹವಳ ಇನ್ನೊಂದನ್ನ ಸುಡ್ಲಿಕತ್ತದ, ನೀರು ತಿರುಗದ ಮೂಲಿ ಅದ, ಇವು ಕಾರಣ. ಹೊಸಾ ಮೀನು ಬಿಡೂವಾಗ ಹಳೇ ಪುಂಡ ಮೀನಿನ ಒಡೆತನ ಮುರೀಲಿಕ್ಕೆ ಒಂದೆರಡು ಕಲ್ಲು ಸರಸೋದೂ ಕಾರಣನ. ಆವಾಗ ಒಂದು ಸಲಕ್ಕ ಎರಡ ಮೂರ ಕಲ್ಲು ಅಷ್ಟ. ಮದ್ಲ ಬುಡದ ಹೊಲಸು ನಳಿಗಿಯಿಂದ ಎಳದು ತಗೀರಿ. ಕಲ್ಲು ಹೊರಗ ತೆಗೀಬೇಕಂದ್ರ ತೊಟ್ಟಿ ನೀರ ತುಂಬಿದ ಬಕೀಟಿನ್ಯಾಗ ಮುಳಗಿಸಿಡ್ರಿ. ಕೈಗವಸು, ಕಣ್ಣಿಗೆ ಚಾಳೀಸು ಇರ್ಲಿ. ಬುಡದ ಕಲ್ಲು ಉಸುಕಿನ ಮ್ಯಾಲೆ ಅಲ್ಲ, ತಳಕ್ಕ ಮುಟ್ಟಿ ಗಟ್ಟಿ ಕೂಡ್ಲಿ. ಮುಂದ ಒಂದು ವಾರ ಅಮೋನಿಯಾ ಪರೀಕ್ಷೆ ಮಾಡ್ರಿ, ಬದಲಿ ಹಾಕ್ಲಿಕ್ಕೆ ಉಪ್ಪುನೀರು ಕಲಿಸಿ ತಯಾರಿಡ್ರಿ. ನೀರು ಸರಿ ಅದ ಅಂತ ಖಾತ್ರಿ ಆದಮ್ಯಾಲೆನ ಮುಂದಿನ ಕಲ್ಲು.

ಕಡೀಕ, ಈ ಕೆಲಸ ಯಾರ ಕೊರಳಿಗೆ ಬೀಳ್ತದ ಅದನ್ನೂ ನೋಡ್ರಿ. "ಬದಲಿ ಮಾಡ್ರಿ" ಅಂದು ಫರಾಳ ತಿಂದು ಹೋಗೋರು ಹೋಗ್ತಾರ. ನೆಲದ ಉಪ್ಪುನೀರು ಒರಸೋಕಿ, ರಾತ್ರಿ ಹನ್ನೆರಡಕ್ಕ ಮೀನು ಉಸಿರಾಡ್ತಾವೋ ಇಲ್ಲೋ ನೋಡೋಕಿ ಆ ಮನಿ ಹುಡುಗಿ. ನಿಮಗ ಏನರೆ ಬದಲಿ ಬೇಕಾದ್ರ ತೊಟ್ಟಿ ಮುಂದಿನ ಕುರ್ಚಿ ಸರಿಸಿ ಕೂಡ್ರಿ, ಬ್ಯಾರೆ ಮೂಲಿಯಿಂದ ಅದ ಕಲ್ಲು ಬ್ಯಾರೆನ ಕಾಣ್ತದ.