ಮರಳು ಸುರಿದರೆ ಮರುಭೂಮಿ ಆಗಲ್ಲ

ಮೇಜಿನ ಮೇಲೆ ಪುಟಾಣಿ ಸೈನಿಕರ ಗೊಂಬೆ ಇಟ್ಟು, ದಾಳ ಹಾಕಿ, ಹಳೆಯ ಯುದ್ಧಗಳನ್ನು ಮತ್ತೆ ಆಡುವ ಹವ್ಯಾಸ ಒಂದಿದೆ. 1940ರಿಂದ 1943ರವರೆಗೆ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ನಡೆದ ಯುದ್ಧವನ್ನೂ ಹೀಗೆ ಆಡುತ್ತಾರೆ. ಚಿಕ್ಕ ಅಳತೆಯ ಗೊಂಬೆ ಅಂದರೆ 6 ಮಿ.ಮೀ. ಎತ್ತರ, ಒಂದು ಅಕ್ಕಿ ಕಾಳಿನಷ್ಟು.

ಇಷ್ಟು ಚಿಕ್ಕ ಗೊಂಬೆಯ ಮುಖ ಯಾರಿಗೂ ಕಾಣಲ್ಲ. ಕಾಣುವುದು ಅದು ನಿಂತ ನೆಲ. ಹಾಗಾಗಿ ನಾವು ಹೇಳುವುದು ಇಷ್ಟೇ: ನೆಲವನ್ನು ಸರಿಯಾಗಿ ಮಾಡಿ, ಆ ನೆಲದಲ್ಲಿ ದುಡಿದವರನ್ನೂ ನಿಲ್ಲಿಸಿ.

ಮರುಭೂಮಿ ಅಂದ ಕೂಡಲೇ ಹಳದಿ ಮರಳು ನೆನಪಾಗುತ್ತೆ. ಈಜಿಪ್ಟಿನ ಎಲ್ ಅಲಮೇನ್ ಹಾಗಿರಲಿಲ್ಲ. ತೆಳ್ಳಗೆ ಮರಳು, ಅಡಿಯಲ್ಲಿ ಬಂಡೆ, ಅಲ್ಲಲ್ಲಿ ಮುಳ್ಳು ಪೊದೆ. ಅಲ್ಲಿನ ರುವೈಸಾತ್ ದಿಬ್ಬದಲ್ಲಿ ಗುಂಡಿ ತೋಡುವುದೇ ಕಷ್ಟ. ಸೈನಿಕರು ಕಲ್ಲು ಪೇರಿಸಿ ಮರೆ ಕಟ್ಟಿಕೊಳ್ಳಬೇಕಿತ್ತು.

ಅಳತೆಯನ್ನೂ ನೋಡಿ. 6 ಮಿ.ಮೀ. ಗೊಂಬೆ ಆರಡಿ ಆಳಾದರೆ, 1 ಮಿ.ಮೀ. ಮರಳಿನ ಕಾಳು ಒಂದಡಿ ಕಲ್ಲು! ಹೊಳೆ ಮರಳು ಮೆತ್ತಿದರೆ ಸೈನಿಕರು ಕಲ್ಲುಗುಡ್ಡೆ ಮೇಲೆ ನಿಂತ ಹಾಗೆ ಕಾಣುತ್ತಾರೆ. ದಪ್ಪ ರಟ್ಟಿಗೆ ಗೊಂಬೆ ಅಂಟಿಸಿ, ಸುತ್ತ ಫೆವಿಕಾಲ್ ಬಳಿದು, ನುಣ್ಣನೆಯ ರಂಗೋಲಿ ಪುಡಿ ಉದುರಿಸಿ. ಒಣಗಿದ ಮೇಲೆ ಕಂದು ಬಣ್ಣ ಹಚ್ಚಿ. ಅದೂ ಒಣಗಲಿ. ಆಮೇಲೆ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಉಳಿದ ತಿಳಿ ಬಣ್ಣವನ್ನು ಮೇಲೆ ಮೇಲೆ ಸವರಿ. ಕಲ್ಲಿಗೆ ನಾಲ್ಕೈದು ಕಾಳು ಹೊಳೆ ಮರಳು ಸಾಕು.

ಇನ್ನು ಜನ. ಮರುಭೂಮಿ ಯುದ್ಧ ಅಂದರೆ ಟ್ಯಾಂಕುಗಳದ್ದೇ ಮಾತು. ಆದರೆ 1940ರ ಡಿಸೆಂಬರ್‌ನಲ್ಲಿ ಸಿದಿ ಬರ್ರಾನಿ ಗೆದ್ದ ಸೈನ್ಯದಲ್ಲಿ 4ನೇ ಭಾರತೀಯ ಡಿವಿಷನ್ ಇತ್ತು. ಮದ್ರಾಸ್ ಸ್ಯಾಪರ್ಸ್ ಪಡೆಯವರೂ ಆ ಮರುಭೂಮಿಯಲ್ಲಿ ದುಡಿದರು. ಈ ಪಡೆಯ ನೆಲೆ ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲೇ ಇದೆ. ನೆಲಬಾಂಬ್ ತೆಗೆಯುವುದು, ದಾರಿ ಮಾಡುವುದು, ನೀರಿನ ವ್ಯವಸ್ಥೆ ನೋಡುವುದು ಸ್ಯಾಪರ್‌ಗಳ ಕೆಲಸ.

ಯುದ್ಧ ಆಟದ ವಸ್ತುವೇ ಅಂತ ಯಾರಾದರೂ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಬರೀ ಗುಂಡು ಹಾರಿಸುವ ಆಟವಾದರೆ ನಮಗೂ ಬೇಡ. ಆದರೆ ಒಂದು ರಟ್ಟಿನ ಮೇಲೆ ಬಗ್ಗಿ ನೆಲ ಕೆದಕುವ ಇಬ್ಬರು ಸ್ಯಾಪರ್‌ಗಳನ್ನು ನಿಲ್ಲಿಸಿ. ಅವರು ದಾರಿ ಬಿಡಿಸುವವರೆಗೆ ಯಾವ ಟ್ಯಾಂಕೂ ಮುಂದೆ ಹೋಗಬಾರದು ಅಂತ ನಿಯಮ ಮಾಡಿ. ಯುದ್ಧದಲ್ಲಿ ಯಾರ ಬೆವರು ಎಷ್ಟು ಹರಿಯಿತು ಅಂತ ಆಡುವ ಮಕ್ಕಳಿಗೆ ಆಗ ತಾನಾಗೇ ತಿಳಿಯುತ್ತೆ.